ಬೇಡವೆಂದ ಊರಿನ ಋಣ

ಕರೆಯದ ಊರಿನಲ್ಲಿ ನೆಲಸಿದವನಿಗೆ ಆ ಊರಿನ ಋಣವುಂಟೇ? ೧೯೭೨ರ ಆಗಸ್ಟಿನಲ್ಲಿ ಇದಿ ಅಮೀನನು ಉಗಾಂಡದ ಏಷ್ಯನ್ನರಿಗೆ ತೊಂಬತ್ತು ದಿನಗಳೊಳಗೆ ದೇಶ ಬಿಡುವಂತೆ ಆಜ್ಞಾಪಿಸಿದನು. ಇಂಗ್ಲೆಂಡಿನ ಲೆಸ್ಟರ್ ನಗರಸಭೆಯಾದರೋ, ಮನೆ ಶಾಲೆಗಳಲ್ಲಿ ಎಡೆಯಿಲ್ಲ, ಇತ್ತ ಬರಬೇಡಿರೆಂದು ಉಗಾಂಡದ ಪತ್ರಿಕೆಯಲ್ಲಿಯೇ ಪ್ರಕಟನೆ ಕೊಟ್ಟಿತು. ಆದರೂ ಸಾವಿರಾರು ಜನ, ಬಹುಮಟ್ಟಿಗೆ ಗುಜರಾತಿಗಳು, ಅಲ್ಲಿಗೇ ಹೋದರು. ನೆಂಟರಿಷ್ಟರಿದ್ದ ಊರನ್ನುಳಿದು ನಿರಾಶ್ರಿತನು ಮತ್ತೆಲ್ಲಿಗೆ ಹೋದಾನು!

ನಗರಸಭೆಯ ಮಾತನ್ನು ಕೇವಲ ದ್ವೇಷವೆಂದು ತಳ್ಳಿಬಿಡುವುದು ನ್ಯಾಯವಲ್ಲ. ಮನೆಗಾಗಿ ಕಾದಿದ್ದ ಬಡವರು ಅಲ್ಲಿಯೂ ಇದ್ದರು. ಹಾಗೆಂದು, ಬಾಗಿಲು ಮುಚ್ಚಿದವರಿಗೆ ಕೃತಜ್ಞತೆ ಸಲ್ಲಬೇಕೆಂಬುದೂ ವಿಪರೀತವೇ. ಋಣವಿದ್ದರೆ ಅದು ಶಿಬಿರಗಳಲ್ಲಿ ಚಳಿಗೆ ಉಣ್ಣೆಯಂಗಿ ತೊಡಿಸಿದ ಸ್ವಯಂಸೇವಕರದು. ಅವರ ಹೆಸರನ್ನು ಎಷ್ಟು ಕುಟುಂಬಗಳು ಬಲ್ಲವು? ಹೆಸರರಿಯದ ಸಾಲವನ್ನು ಯಾರಿಗೆ ತೀರಿಸುವುದು? ೨೦೦೦ದ ಸುಮಾರಿನಲ್ಲಿ ಸೊಮಾಲಿಯದ ಕುಟುಂಬಗಳು ಅದೇ ಲೆಸ್ಟರಿಗೆ ಮನೆಯನ್ನರಸಿ ಬಂದುವು. ಆಗ ಲೆಕ್ಕ ತೆರೆಯಬೇಕಾದವರಲ್ಲಿ ಬೆಲ್‌ಗ್ರೇವ್ ರಸ್ತೆಯ ಅಂಗಡಿಕಾರರೂ ಇದ್ದರು.