ವೈದ್ಯನ ಮೌನ

ಕಳೆದ ತಿಂಗಳು ರಕ್ತಪರೀಕ್ಷೆಯ ವರದಿಯನ್ನು ತರಲೆಂದು ನಮ್ಮ ಬಡಾವಣೆಯ ಒಂದು ಪ್ರಯೋಗಾಲಯಕ್ಕೆ ಹೋಗಿದ್ದೆ. ಪ್ರಯೋಗಾಲಯವೆಂಬುದು ದೊಡ್ಡ ಹೆಸರು. ಔಷಧದ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಇರುವ ಒಂದು ಸಣ್ಣ ಮಳಿಗೆ. ಮೇಜಿನ ಹಿಂದೆ ಕುಳಿತ ಹುಡುಗಿ ಫೋನಿನಲ್ಲಿ ಯಾರೊಡನೆಯೋ ಮಾತನಾಡುತ್ತಿದ್ದಳು. ನನ್ನನ್ನು ಕಂಡು, ಮಾತನ್ನು ನಿಲ್ಲಿಸದೆಯೇ, ಕಾಗದಗಳ ಒಂದು ಕಟ್ಟನ್ನು ನನ್ನ ಕಡೆಗೆ ತಳ್ಳಿ, "ಇದರಲ್ಲೇ ಇದೆ ನೋಡಿ ಸಾರ್, ನಿಮ್ಮದು ತೊಗೊಳ್ಳಿ" ಎಂದಳು. ವಯಸ್ಸಾದವರನ್ನು ಸುಮ್ಮನೆ ನಿಲ್ಲಿಸಬಾರದೆಂಬ ಸದ್ಭಾವನೆಯೇ ಹೊರತು ಅವಳಲ್ಲಿ ಬೇರೇನೂ ಇರಲಿಲ್ಲ.

ಕಾಗದಗಳನ್ನು ಒಂದೊಂದಾಗಿ ಮಗುಚುತ್ತ ಹೋದೆ. ಮೂರನೆಯದೋ ನಾಲ್ಕನೆಯದೋ, ಪ್ರತಿದಿನ ಬೆಳಿಗ್ಗೆ ಉದ್ಯಾನದಲ್ಲಿ ನನ್ನ ಜೊತೆ ನಡೆಯುವ ಮಿತ್ರರೊಬ್ಬರದು. ಮೇಲೆ ಹೆಸರು, ವಯಸ್ಸು. ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಸಾಲು. ಕಣ್ಣು ಹೆಸರಿನ ಮೇಲೆ ನಿಂತದ್ದು ಆಕಸ್ಮಿಕವೆನ್ನಬಹುದು. ಅಲ್ಲಿಂದ ಆ ಸಾಲಿಗೆ ಇಳಿದದ್ದು ಆಕಸ್ಮಿಕವಲ್ಲ. "ಕಣ್ಣಿಗೆ ಬಿತ್ತು" ಎಂದು ಹೇಳಿಕೊಂಡು ಪಾರಾಗುವ ದಾರಿ ಇದೆ. ನಿಜ ಹೇಳಬೇಕೆಂದರೆ, ನಾನು ಓದಿದೆ.

ಮರುದಿನ ಬೆಳಿಗ್ಗೆ ಉದ್ಯಾನದಲ್ಲಿ ಎಂದಿನಂತೆ ಸಿಕ್ಕರು. "ಹೇಗಿದ್ದೀರಿ?" ಎಂದೆ. "ಕಲ್ಲುಗುಂಡಿನ ಹಾಗಿದ್ದೀನಿ, ನನಗೇನಾಗಿದೆ?" ಎಂದು ನಕ್ಕರು. ನೂರು ಸಲ ಅವರ ಬಾಯಿಂದ ಕೇಳಿದ ಮಾತು ಅದು. ಆ ದಿನ ಮಾತ್ರ ನಾನು ಅವರ ಮುಖವನ್ನು ನೋಡಲಾರದೆ ಬಿದಿರುಮೆಳೆಯ ಕಡೆಗೆ ತಿರುಗಿದೆ.

ಅವರಿಗೆ ನನ್ನಿಂದ ಆದ ನಷ್ಟವೇನು ಎಂದು ಮೂರು ದಿನ ಯೋಚಿಸಿದೆ. ಕಳ್ಳನು ಚೆಂಬನ್ನು ಕದ್ದರೆ ನೀರು ಹಿಡಿಯುವ ಹೊತ್ತಿಗೆ ಮನೆಯವರಿಗೆ ಗೊತ್ತಾಗುತ್ತದೆ. ಇಲ್ಲಿ ಹಾಗೇನೂ ಇಲ್ಲ. ನಾನು ಓದಿದ್ದು ಅವರಿಗೆ ತಿಳಿಯದು. ನಾನಾಗಿ ಹೇಳದಿದ್ದರೆ ತಿಳಿಯುವಂತೆಯೂ ಇಲ್ಲ. ಯಾರಿಗೂ ನಾನು ಹೇಳಿಲ್ಲ. ತಿಳಿಯದ ನಷ್ಟ ನಷ್ಟವೇ ಎಂದು ತರ್ಕಶಾಸ್ತ್ರದವರು ಕೇಳಿಯಾರು. ಮೊದಲೆರಡು ದಿನ ಈ ಪ್ರಶ್ನೆಯೇ ನನಗೆ ಸಮಾಧಾನ ಕೊಟ್ಟಿತ್ತು. ಮೂರನೆಯ ದಿನ ಅದೂ ಹೋಯಿತು. ಏಕೆಂದರೆ, ತಮ್ಮ ಕಾಯಿಲೆಯನ್ನು ನನಗೆ ಹೇಳಬೇಕೆ ಬೇಡವೆ, ಹೇಳುವುದಾದರೆ ಯಾವಾಗ, ಯಾವ ಮಾತಿನಲ್ಲಿ ಎಂಬುದನ್ನು ನಿರ್ಧರಿಸುವ ಹಕ್ಕು ಅವರದಾಗಿತ್ತು; ಅದನ್ನು ನಾನು ಮೇಜಿನ ಬಳಿ ನಿಂತ ನಿಲುವಿನಲ್ಲೇ ಕಸಿದುಕೊಂಡಿದ್ದೆ. ಅಷ್ಟೇ ಅಲ್ಲ. ಅವರು ಸೌಜನ್ಯಕ್ಕೆ ಆಡಿದ "ಕಲ್ಲುಗುಂಡು" ನನ್ನ ಕಿವಿಯಲ್ಲಿ ಸುಳ್ಳಾಗಿಬಿಟ್ಟಿತ್ತು. ಅವರು ಸುಳ್ಳು ಹೇಳಿರಲಿಲ್ಲ; ಅದನ್ನು ಸುಳ್ಳು ಮಾಡಿದವನು ನಾನು.

ನಮ್ಮ ದೇಶದಲ್ಲಿ ಇದು ಹೊಸ ವಿಚಾರವೇನೂ ಅಲ್ಲ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ, ವಿದ್ಯೆ ಕಲಿಯಬಂದ ಶಿಷ್ಯನಿಗೆ ಗುರು ವಿಧಿಸುವ ನಿಯಮಗಳ ಒಂದು ಭಾಗವಿದೆ. ರೋಗಿಯ ಮನೆಗೆ ಹೋಗುವಾಗ ಆ ಮನೆಯವರಿಗೆ ಪರಿಚಿತನಾದವನ ಜೊತೆಯಲ್ಲಿ, ಅನುಮತಿ ಪಡೆದು, ತಲೆಬಾಗಿ ಪ್ರವೇಶಿಸಬೇಕು. ಒಳಹೊಕ್ಕ ಮೇಲೆ ಮನಸ್ಸು ಮಾತುಗಳೆಲ್ಲ ರೋಗಿಯ ಹಿತದಲ್ಲಿಯೇ ನಿಂತಿರಬೇಕು. ಆ ಮನೆಯ ಸಮಾಚಾರವನ್ನು ಹೊರಗೆ ಬಿಡಕೂಡದು. ಗ್ರೀಸಿನ ಹಿಪಾಕ್ರಟೀಸನ ಹೆಸರಿನಲ್ಲಿ ನಡೆದುಬಂದ ಪ್ರತಿಜ್ಞೆಯಲ್ಲಿಯೂ ಇದೇ ಮಾತಿದೆ. ಚಿಕಿತ್ಸೆಯ ಹೊತ್ತಿನಲ್ಲಿ ಕಂಡು ಕೇಳಿದ್ದಷ್ಟೇ ಅಲ್ಲದೆ ಅದರ ಹೊರಗೆ ತಿಳಿದುಬಂದದ್ದೂ ಹೊರಬೀಳಬಾರದೆಂದು ಅದು ಒಂದು ಹೆಜ್ಜೆ ಮುಂದೆಯೇ ಹೋಗುತ್ತದೆ.

ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಚರಕನ ವೈದ್ಯ ರೋಗಿಯ ಮನೆಗೆ ಹೋಗುತ್ತಿದ್ದ. ಒಬ್ಬನೇ ವೈದ್ಯ, ಒಂದೇ ಗಂಟಲು. ಗುಟ್ಟು ಆ ಗಂಟಲಲ್ಲಿ ನಿಂತರೆ ಸಾಕಾಗಿತ್ತು. ಈಗ ನಾವು ವೈದ್ಯನ ಮನೆಗೆ ಹೋಗುತ್ತೇವೆ. ಬಾಗಿಲಲ್ಲಿ ಚೀಟಿ ಬರೆಯುವವರು, ತೂಕ ನೋಡುವವರು, ರಕ್ತ ತೆಗೆಯುವವರು, ಬಿಲ್ಲು ಮಾಡುವವರು, ವಿಮೆ ಕಂಪನಿಯ ಗುಮಾಸ್ತರು, ಇವರೆಲ್ಲರ ಹಿಂದೆ ಎಲ್ಲವನ್ನೂ ನುಂಗಿಟ್ಟುಕೊಳ್ಳುವ ಕಂಪ್ಯೂಟರು. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಕಂಪ್ಯೂಟರುಗಳಿಗೆ ಯಾರೋ ಕನ್ನ ಹಾಕಿ, ಅಲ್ಲಿಯವರು ಎಷ್ಟೋ ದಿನ ಎಲ್ಲವನ್ನೂ ಕೈಯಲ್ಲೇ ಬರೆಯಬೇಕಾಗಿ ಬಂದದ್ದು ಓದುಗರಿಗೆ ನೆನಪಿರಬಹುದು. ಇಷ್ಟು ಕೈಗಳಲ್ಲಿ ಪ್ರತಿಜ್ಞೆ ಮಾಡಿದ ಕೈ ಒಂದೇ, ಡಾಕ್ಟರದು. ನಮ್ಮ ಮಳಿಗೆಯ ಹುಡುಗಿಗೆ ಯಾರೂ ಪ್ರತಿಜ್ಞೆ ಬೋಧಿಸಿರಲಾರರು. ಕಾಗದ ಮಗುಚಿದ ನನಗಂತೂ ಬೋಧಿಸುವವರೇ ಇರಲಿಲ್ಲ.

ಹೀಗೆ ಯೋಚಿಸುತ್ತಿರುವಾಗ ಹಳೆಯದೊಂದು ಸಂಗತಿ ನೆನಪಿಗೆ ಬಂತು. ಬಂತು ಎನ್ನುವುದಕ್ಕಿಂತ, ಅದನ್ನು ಮರೆತೇ ಇರಲಿಲ್ಲ ಎನ್ನುವುದು ಮೇಲು.

1990ರ ಸುಮಾರಿನಲ್ಲಿ, ಮೈಸೂರಿನಲ್ಲಿ, ನನ್ನ ಅಕ್ಕನ ಮಗಳಿಗೆ ಒಂದು ಸಂಬಂಧ ಬಂದಿತ್ತು. ಹುಡುಗ ಓದಿದವನು, ಸಂಭಾವಿತ, ಕೈಯಲ್ಲಿ ಕೆಲಸವಿತ್ತು. ಜಾತಕ ಕೂಡಿತ್ತು. ಅಷ್ಟರಲ್ಲಿ ಯಾರೋ ನಮ್ಮ ಭಾವನವರ ಕಿವಿಯಲ್ಲಿ, ಹುಡುಗನಿಗೆ ಚಿಕ್ಕಂದಿನಿಂದ ಒಂದು ಕಾಯಿಲೆ ಇದೆಯೆಂದು ಊದಿದರು. ಯಾವ ಕಾಯಿಲೆಯೆಂದು ಬರೆಯುವುದು ಈ ಲೇಖನಕ್ಕೆ ಒಪ್ಪುವುದಿಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವಂಥದಲ್ಲ ಎಂದಷ್ಟು ಹೇಳಿ ಮುಂದುವರಿಯುತ್ತೇನೆ. ಹುಡುಗನ ಮನೆಯವರು ತೋರಿಸಿಕೊಳ್ಳುತ್ತಿದ್ದುದು ನಮ್ಮ ಡಾಕ್ಟರಲ್ಲಿಯೇ. ಅವರು ನಾನು ಹುಟ್ಟಿದಾಗಿನಿಂದ ನನ್ನನ್ನು ಬಲ್ಲವರು, ಏಕವಚನದಲ್ಲೇ ಮಾತನಾಡಿಸುವವರು. ಸಲಿಗೆಯಿಂದ ಕೇಳಬಲ್ಲವನು ನಾನೊಬ್ಬನೇ ಎಂದು ಅಕ್ಕ ನನ್ನನ್ನು ಕಳುಹಿಸಿದಳು.

ರೋಗಿಗಳೆಲ್ಲ ಹೋದಮೇಲೆ ವಿಷಯವೆತ್ತಿದೆ. ಡಾಕ್ಟರು ಕನ್ನಡಕ ತೆಗೆದು ಒರಸುತ್ತ, "ಹುಡುಗನ ಮನೆ ಇಲ್ಲಿಂದ ಹತ್ತು ನಿಮಿಷದ ದಾರಿ. ಅವನನ್ನೇ ಕೇಳಬಾರದೇನಪ್ಪ?" ಎಂದರು.

"ಅದನ್ನು ಅವನನ್ನೇ ಹೇಗೆ ಕೇಳೋದು, ಡಾಕ್ಟರೆ? ಏನೆಂದುಕೊಂಡಾನು?"

"ಅವನನ್ನು ಕೇಳೋದಕ್ಕೆ ನಾಚಿಕೆ. ಅವನಿಗೆ ಗೊತ್ತಿಲ್ಲದ ಹಾಗೆ ನನ್ನನ್ನು ಕೇಳೋದಕ್ಕೆ ನಾಚಿಕೆಯಿಲ್ಲ?"

ನಾನು ಪೆಚ್ಚಾದೆ. ಆದರೂ ಬಿಡಲಿಲ್ಲ. ವಕೀಲಿ ಬುದ್ಧಿ ತೋರಿಸಿ, "ಕಾಯಿಲೆ ಇದೆ ಅಂತ ನೀವು ಹೇಳಬೇಡಿ. ಏನೂ ಇಲ್ಲದಿದ್ದರೆ, ಇಲ್ಲ ಅಂತ ಹೇಳಿ. ಅದರಿಂದ ಯಾರಿಗೆ ನಷ್ಟ?" ಎಂದೆ.

ಅದಕ್ಕೆ ಅವರು ಕೊಟ್ಟ ಉತ್ತರದ ತಿರುಳು ಹೀಗಿತ್ತು: ಆರೋಗ್ಯವಂತರ ವಿಷಯ ಕೇಳಿದಾಗಲೆಲ್ಲ ಏನೂ ಇಲ್ಲವೆಂದು ನಾನು ಹೇಳುತ್ತ ಹೋದರೆ, ನಾನು ಬಾಯಿ ಮುಚ್ಚಿದ ದಿನ ಅದೇ ಒಂದು ಸಾಕ್ಷಿಯಾಗುತ್ತದೆ. ಇಂದು ಇವನ ವಿಷಯಕ್ಕೆ ಒಳ್ಳೆಯ ಮಾತಾಡಿದರೆ ನಾಳೆ ಇನ್ನೊಬ್ಬನನ್ನು ಹಿಡಿದುಕೊಟ್ಟ ಹಾಗೆ. ಆದ್ದರಿಂದ ಗಟ್ಟಿಮುಟ್ಟಾದವನ ವಿಷಯದಲ್ಲೂ ನನಗೆ ಬಾಯಿಲ್ಲ.

ಆಗ ನನಗೆ ಇದು ಬರಿಯ ಮೊಂಡುತನವೆಂದು ತೋರಿತು. ಈಗ ಯೋಚಿಸಿದಷ್ಟೂ ಅದರ ಬೆಲೆ ತಿಳಿಯುತ್ತದೆ. ಆದರೆ ಅಂದು ನಾನು ಮಾಡಿದ್ದನ್ನು ಹೇಳಬೇಕು. ಮನೆಗೆ ಬಂದೆ. ಅಕ್ಕ ಬಾಗಿಲಲ್ಲೇ ನಿಂತಿದ್ದಳು. "ಏನಂದ್ರು?" ಎಂದಳು. "ಡಾಕ್ಟರು ಬಾಯೇ ಬಿಡಲಿಲ್ಲ" ಎಂದೆ. ಅಕ್ಷರಶಃ ನಿಜವಾದ ಮಾತು. ಅದನ್ನು ಹೇಳುವಾಗ ನನ್ನ ಹುಬ್ಬು ಸ್ವಲ್ಪ ಮೇಲೆದ್ದಿತ್ತು, ಅಷ್ಟೆ. ಅಕ್ಕ ಒಳಗೆ ಹೋದಳು. ಎರಡು ದಿನದಲ್ಲಿ, ಈ ವರ್ಷ ಮದುವೆ ಮಾಡುವ ಯೋಚನೆಯಿಲ್ಲವೆಂದು ಹುಡುಗನ ಮನೆಗೆ ಹೇಳಿಕಳುಹಿಸಿದ್ದಾಯಿತು. ಅದೇ ವರ್ಷ ಬೇರೆ ಕಡೆ ಮದುವೆಯೂ ಆಯಿತು.

ಹುಡುಗನಿಗೆ ಆ ಕಾಯಿಲೆ ಇತ್ತೋ ಇಲ್ಲವೋ ನನಗೆ ಇಂದಿಗೂ ತಿಳಿಯದು. ಡಾಕ್ಟರು ಗುಟ್ಟನ್ನು ಬಿಟ್ಟುಕೊಡಲಿಲ್ಲ. ಅವರ ಮೌನಕ್ಕೆ ನಾಲಗೆ ಕೊಟ್ಟವನು ನಾನು.

ಒಂದು ಕಾಯಿಲೆಯ ಹೆಸರು ಹೊರಬಿದ್ದರೆ ಏನಾಗುತ್ತದೆಂಬುದಕ್ಕೆ ನಮ್ಮ ಕಾನೂನಿನ ಪುಸ್ತಕದಲ್ಲೇ ನಿದರ್ಶನವಿದೆ. ಹಿಂದೂ ವಿವಾಹ ಕಾನೂನಿಗೆ 1976ರಲ್ಲಿ ತಂದ ತಿದ್ದುಪಡಿಯಲ್ಲಿ, ಮೇಲಿಂದ ಮೇಲೆ ಮೂರ್ಛೆ ಬರುವವರು ಮದುವೆಗೆ ಅರ್ಹರಲ್ಲವೆಂದು ಸೇರಿಸಿದ್ದರು. ಅದನ್ನು ತೆಗೆದುಹಾಕಿದ್ದು 1999ರಲ್ಲಿ. ಕುಷ್ಠರೋಗ ವಿಚ್ಛೇದನಕ್ಕೆ ಕಾರಣವಾಗಬಹುದೆಂಬ ವಿಧಿ 2019ರ ತನಕ ಉಳಿದಿತ್ತು, ಅದನ್ನು ಗುಣಪಡಿಸುವ ಔಷಧ ಬಂದು ದಶಕಗಳಾದ ಮೇಲೂ. ಕಾನೂನೇ ಹೀಗಿರುವಾಗ ರೋಗಿಯಾದವನು ಡಾಕ್ಟರ ಮುಂದೆ ಬಾಯಿ ಬಿಡುವುದು ಹೇಗೆ? ಬಾಯಿ ಬಿಡದಿದ್ದರೆ ಚಿಕಿತ್ಸೆಯಾದರೂ ಹೇಗೆ?

ಇಲ್ಲಿ ಓದುಗರು ನನ್ನನ್ನು ತಡೆದು, "ಅಂಟುವ ಕಾಯಿಲೆಯಾಗಿದ್ದರೆ? ಹುಡುಗಿಯ ಗತಿಯೇನು?" ಎಂದು ಕೇಳುವರು. ಕೇಳಲೇಬೇಕಾದ ಪ್ರಶ್ನೆ. ಇಂಥದೇ ಒಂದು ಮೊಕದ್ದಮೆ 1998ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ಇನ್ನೊಬ್ಬರ ಶಸ್ತ್ರಚಿಕಿತ್ಸೆಗೆಂದು ಒಬ್ಬಾತ ಮದರಾಸಿನ ಆಸ್ಪತ್ರೆಯೊಂದರಲ್ಲಿ ರಕ್ತ ಕೊಟ್ಟ. ಪರೀಕ್ಷೆಯಲ್ಲಿ ಅವನಿಗೆ ಎಚ್‌ಐವಿ ಇರುವುದು ಕಂಡಿತು. ಸುದ್ದಿ ಹೊರಬಿದ್ದು ನಿಶ್ಚಯವಾಗಿದ್ದ ಮದುವೆ ಮುರಿಯಿತು, ನೆಂಟರಿಷ್ಟರು ದೂರವಾದರು. ಆತ ತಾನೇ ಒಬ್ಬ ವೈದ್ಯ. ಆಸ್ಪತ್ರೆ ಗುಟ್ಟು ಬಿಟ್ಟುಕೊಟ್ಟಿತೆಂಬುದು ಅವನ ದೂರು. ಹುಡುಗಿಯ ಪ್ರಾಣವನ್ನು ಕಾಯುವ ಹಕ್ಕು ಅವನ ಗೋಪ್ಯದ ಹಕ್ಕಿಗಿಂತ ದೊಡ್ಡದೆಂದು ನ್ಯಾಯಾಲಯ ತೀರ್ಪು ಕೊಟ್ಟಿತು. ಅಷ್ಟಕ್ಕೇ ನಿಲ್ಲದೆ ಅಂಥವರ ಮದುವೆಯ ಹಕ್ಕಿನ ಮೇಲೂ ಕೆಲವು ಮಾತುಗಳನ್ನು ಸೇರಿಸಿತು. ಆ ಮಾತುಗಳು ಅನಗತ್ಯವಾಗಿದ್ದುವೆಂದು 2002ರಲ್ಲಿ ಅದೇ ನ್ಯಾಯಾಲಯದ ಇನ್ನೊಂದು ಪೀಠ ಹೇಳಬೇಕಾಯಿತು.

ತೀರ್ಪಿನ ಮೊದಲ ಭಾಗವನ್ನು ನಾನು ಒಪ್ಪುತ್ತೇನೆ. ಹುಡುಗಿ ಅರಿಯದೆ ಅಪಾಯಕ್ಕೆ ಕಾಲಿಡುತ್ತಿರುವಾಗ ಬಲ್ಲವನು ಸುಮ್ಮನಿರುವುದು ಧರ್ಮವಾಗಲಾರದು. ಆದರೂ ಮನಸ್ಸಿನಲ್ಲಿ ಒಂದು ಮುಳ್ಳು ಉಳಿಯುತ್ತದೆ. ತಿಳಿಯಬೇಕಾದವಳು ಒಬ್ಬಳು, ತಿಳಿದದ್ದು ಊರಿಗೆ. "ಅವಳಿಗೆ ಹೇಳಬಹುದು" ಎನ್ನುವುದೂ "ಹೇಳಬಹುದು" ಎನ್ನುವುದೂ ಒಂದೇ ಅಲ್ಲ. 2017ರಲ್ಲಿ ಸಂಸತ್ತು ಅಂಗೀಕರಿಸಿ 2018ರ ಸೆಪ್ಟೆಂಬರಿನಿಂದ ಜಾರಿಗೆ ಬಂದ ಎಚ್‌ಐವಿ ಕಾನೂನಿನಲ್ಲಿ ಈ ಮುಳ್ಳನ್ನು ತೆಗೆಯುವ ಪ್ರಯತ್ನವಿದೆ. ಮೊದಲು ರೋಗಿಗೇ ತಿಳಿಯಹೇಳಿ, ಸಂಗಾತಿಗೆ ಅವನೇ ಹೇಳುವಂತೆ ಮಾಡಬೇಕು. ಹೇಳಲಾರನೆಂದು ಖಚಿತವಾದರೆ, "ನಾನು ಹೇಳುತ್ತೇನೆ" ಎಂದು ಅವನಿಗೆ ಮುಂಚಿತವಾಗಿ ತಿಳಿಸಬೇಕು. ಆಮೇಲೆ ಆ ಸಂಗಾತಿಗೆ ಮಾತ್ರ, ಎದುರಿಗೆ ಕುಳಿತು, ಸಮಾಧಾನದಿಂದ ಹೇಳಬೇಕು. ಹೇಳುವವನು ವೈದ್ಯನೋ ಆಪ್ತಸಲಹೆಗಾರನೋ ಆಗಿರಬೇಕು, ಬೇರೆಯವರಲ್ಲ. ಇದನ್ನು ಓದಿದಾಗ ನಮ್ಮ ಡಾಕ್ಟರು ಕನ್ನಡಕ ಒರಸುತ್ತ "ಅವನನ್ನೇ ಕೇಳಬಾರದೇನಪ್ಪ" ಎಂದದ್ದು ಕಿವಿಯಲ್ಲಿ ಮೊಳಗಿದಂತಾಯಿತು. ಸಂಸತ್ತು ಸುಮಾರು ಮೂವತ್ತು ವರ್ಷ ತಡವಾಗಿ ಅವರ ಹಾದಿಗೆ ಬಂದಿತ್ತು.

ಅಪಾಯ ದೊಡ್ಡದಾದಷ್ಟೂ ಈ ವಿವೇಕ ಕಡಮೆಯಾಗುವುದನ್ನು ನಾವೇ ಕಂಡಿದ್ದೇವೆ. 2020ರ ಮಾರ್ಚಿನಲ್ಲಿ, ಕೊರೋನಾ ಕಾಲದಲ್ಲಿ, ಹೊರದೇಶದಿಂದ ಬಂದು ಮನೆಯಲ್ಲೇ ಪ್ರತ್ಯೇಕವಾಗಿರಬೇಕಾಗಿದ್ದವರ ವಿಳಾಸಗಳ ಪಟ್ಟಿಯನ್ನು ನಮ್ಮ ರಾಜ್ಯ ಸರ್ಕಾರವೇ ಪ್ರಕಟಿಸಿತು. ಹೆಸರು ಹಾಕಿರಲಿಲ್ಲ, ಮನೆಯ ವಿಳಾಸವಿರುವಾಗ ಹೆಸರೇಕೆ? ಪಟ್ಟಿ ಒಂದೇ ದಿನದಲ್ಲಿ ವಾಟ್ಸ್‌ಆಪಿನಲ್ಲಿ ಹರಿದಾಡಿತು. ಅದರಲ್ಲಿದ್ದವರಲ್ಲಿ ಬಹುಮಂದಿ ರೋಗಿಗಳೇ ಆಗಿರಲಿಲ್ಲ. ನಾನೂ ಆ ಪಟ್ಟಿಯನ್ನು ತೆರೆದು, ಮೊದಲು ಹುಡುಕಿದ್ದು ನಮ್ಮ ಅಡ್ಡರಸ್ತೆಯನ್ನು. ಆ ಭಯದಲ್ಲಿ ನಾನು ಸರ್ಕಾರವನ್ನು ಬೈಯಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಅದಕ್ಕೆ ಮೂರೇ ವರ್ಷ ಮೊದಲು, 2017ರ ಆಗಸ್ಟ್ 24ರಂದು, ಸುಪ್ರೀಂ ಕೋರ್ಟಿನ ಒಂಬತ್ತು ಮಂದಿ ನ್ಯಾಯಾಧೀಶರು ಖಾಸಗಿತನ ಪ್ರತಿಯೊಬ್ಬನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದ್ದರು. ಆ ಮೊಕದ್ದಮೆಯನ್ನು ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು; 2012ರಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದಾಗ ಅವರಿಗೆ ಎಂಬತ್ತಾರು ವರ್ಷ. ತೀರ್ಪು ಬಂದಾಗ ನಮ್ಮವರೆಂದು ನಾನು ಹೆಮ್ಮೆಪಟ್ಟಿದ್ದೆ. ಪಟ್ಟಿ ತೆರೆದಾಗ ಆ ಹೆಮ್ಮೆ ಎಲ್ಲಿತ್ತೋ!

ಪುನಃ ನಮ್ಮ ಬಡಾವಣೆಗೆ ಬರೋಣ. ವಾರ ಕಳೆದು ಆ ಪ್ರಯೋಗಾಲಯಕ್ಕೆ ಹೋಗಿ, ಯಜಮಾನರನ್ನು ಕಂಡು, ವರದಿಗಳನ್ನು ಹಾಗೆ ಹರಡಿಡುವುದು ಸರಿಯಲ್ಲವೆಂದು ಹೇಳಿದೆ. ಯಾರ ವರದಿ ಓದಿದೆನೆಂದು ಹೇಳಲಿಲ್ಲ, ಓದಿದೆನೆಂದೂ ಹೇಳಲಿಲ್ಲ. ಆತ ಸಜ್ಜನ. ತಕ್ಷಣ ಒಪ್ಪಿಕೊಂಡು, ಮರುವಾರದಿಂದಲೇ ಎಲ್ಲವನ್ನೂ ಲಕೋಟೆಯಲ್ಲಿ ಹಾಕಿ ಅಂಟಿಸಿ ಕೊಡುವ ಏರ್ಪಾಡು ಮಾಡಿದರು. ಮೊನ್ನೆ ಹೋಗಿ ನೋಡಿದೆ. ಲಕೋಟೆಗಳು ಒಪ್ಪವಾಗಿವೆ. ಹುಡುಕುವುದಕ್ಕೆ ಅನುಕೂಲವಾಗಲೆಂದು ಲಕೋಟೆಯ ಮೇಲೆ, ಹೆಸರಿನ ಕೆಳಗೆ, ಯಾವ ಪರೀಕ್ಷೆಯೆಂಬುದನ್ನು ಹುಡುಗಿ ದುಂಡಾಗಿ ಬರೆದಿಟ್ಟಿದ್ದಾಳೆ.

ಮಿತ್ರರು ಈಗಲೂ ಬೆಳಿಗ್ಗೆ ಬರುತ್ತಾರೆ. ನಡಿಗೆ ಸ್ವಲ್ಪ ನಿಧಾನವಾಗಿದೆಯೆಂದು ನನಗೆ ತೋರುತ್ತದೆ. ಓದಿರದಿದ್ದರೆ ಹಾಗೆ ತೋರುತ್ತಿತ್ತೋ ಇಲ್ಲವೋ. ನಿನ್ನೆ ಅವರಾಗಿಯೇ, "ನಿಮ್ಮ ರಕ್ತಪರೀಕ್ಷೆ ಏನಾಯ್ತು?" ಎಂದು ಕೇಳಿದರು. ನನ್ನ ಸಕ್ಕರೆಯ ಅಂಶ, ಕೊಬ್ಬಿನ ಅಂಶ, ಎಲ್ಲವನ್ನೂ ವಿವರವಾಗಿ ಹೇಳಿದೆ. ಬೇಕೆಂದೇ ಹೇಳಿದೆ, ಇವನು ಇಷ್ಟು ಹೇಳಿದನಲ್ಲ ಎಂದು ಅವರೂ ಬಾಯಿ ಬಿಟ್ಟಾರೆಂಬ ಆಸೆ. ಅವರು ಪೂರ್ತಿ ಕೇಳಿ, "ಪರವಾಗಿಲ್ಲ, ಸಿಹಿ ಸ್ವಲ್ಪ ಕಡಮೆ ಮಾಡಿ" ಎಂದು, ಶಾಲನ್ನು ಕಿವಿಯ ಮೇಲೆ ಎಳೆದುಕೊಂಡು ಇನ್ನೊಂದು ಸುತ್ತಿಗೆ ಹೊರಟರು.