ಹಸಿದು ಬಂದವನ ವಿಷಯದಲ್ಲಿ ನಮ್ಮ ತೀರ್ಪು

ಮಂಡ್ಯ, ಮದ್ದೂರು, ಮಳವಳ್ಳಿ ಈ ಮೂರು ತಾಲ್ಲೂಕುಗಳ ಗ್ರಾಮಸಭೆಗಳಲ್ಲಿರುವ ಪ್ರಿಯ ಸಹೋದರ ಸಹೋದರಿಯರೇ,

ಹೊಸಬನೊಬ್ಬನು ದೇವರ ವಾಕ್ಯವನ್ನು ಕೇಳಬೇಕೆಂದು ಬಂದು ಆರಾಧನೆಯಲ್ಲಿ ಎಲ್ಲರಿಗಿಂತ ಹಿಂದೆ ಕುಳಿತುಕೊಂಡ ದಿನವೇ ಸಭೆಯವರಲ್ಲಿ ಒಂದು ಮಾತು ಹುಟ್ಟುವದುಂಟು. “ಇವನು ಕ್ರಿಸ್ತನನ್ನು ಹುಡುಕಿಕೊಂಡು ಬಂದನೋ, ಹೊಟ್ಟೆಪಾಡನ್ನು ಹುಡುಕಿಕೊಂಡು ಬಂದನೋ?” ಎಂಬದೇ ಆ ಮಾತು. ಅವನಿಗೆ ಸಾಲವಿದ್ದರೆ ಸಾಲ ತೀರಿಸಿಕೊಳ್ಳಲು ಬಂದನೆನ್ನುವರು. ಮನೆಯಲ್ಲಿ ರೋಗವಿದ್ದರೆ ಔಷಧಕ್ಕೆ ಬಂದನೆನ್ನುವರು. ಮಕ್ಕಳಿದ್ದರೆ ಅವರ ಓದಿಗಾಗಿ ಬಂದನೆನ್ನುವರು. ಇಂಥ ತೀರ್ಪನ್ನು ಹೇಳುವ ಅಧಿಕಾರವು ನಮಗುಂಟೋ ಎಂಬ ಪ್ರಶ್ನೆಯನ್ನು ಈ ತಿಂಗಳು ವಿಚಾರಮಾಡೋಣ.

ಮೊದಲು ಒಂದು ಸಂಗತಿಯನ್ನು ಜ್ಞಾಪಕಕ್ಕೆ ತಂದುಕೊಳ್ಳಬೇಕು. ಈ ಮಾತು ನಮ್ಮಲ್ಲಿ ಹೊಸದಾಗಿ ಹುಟ್ಟಿದ್ದಲ್ಲ. ನಮ್ಮ ತಾತ ಮುತ್ತಾತಂದಿರು ದೀಕ್ಷಾಸ್ನಾನ ಹೊಂದಿದಾಗ ಊರಿನವರು ಅವರನ್ನು ಕುರಿತು ಇದನ್ನೇ ಆಡಿದರು. ಅನ್ನಕ್ಕಾಗಿ ಜಾತಿ ಬಿಟ್ಟವರೆಂಬ ಹೆಸರು ಬಾವಿಯ ಬಳಿಯಲ್ಲಿಯೂ ಸಂತೆಯಲ್ಲಿಯೂ ಅವರ ಕಿವಿಗೆ ಬಿದ್ದಿತು. ಅದರ ನೋವು ಎಂಥದೆಂದು ನಮ್ಮ ಮನೆಗಳಲ್ಲಿ ಇನ್ನೂ ಮರೆತಿಲ್ಲ. ಹೀಗಿರಲಾಗಿ, ಊರಿನವರು ಯಾವ ಕೊಳಗದಿಂದ ನಮಗೆ ಅಳೆದರೋ ಅದೇ ಕೊಳಗವನ್ನು ದೇವಾಲಯದೊಳಕ್ಕೆ ತಂದು, ಬಾಗಿಲಲ್ಲಿ ನಿಂತವನಿಗೆ ಅಳೆಯುವದು ನ್ಯಾಯವೋ? ನಾವು ಪರರಿಗೆ ಹಿಡಿಯುವ ಅಳತೆಯನ್ನೇ ದೇವರು ನಮಗೂ ಹಿಡಿಯುವನೆಂದು ಕರ್ತನು ಬೆಟ್ಟದ ಮೇಲೆ ಎಚ್ಚರಿಸಿದ್ದಾನೆ.

ಧಾತು ಈಶ್ವರ ಸಂವತ್ಸರಗಳ ಬರದ ಕಥೆಯು ನಮ್ಮ ನಾಡಿನಲ್ಲಿ ತಲೆತಲಾಂತರದಿಂದ ಬಂದಿದೆ. 1876ರಿಂದ 1878ರ ವರೆಗೆ ಮೈಸೂರು ಸೀಮೆಯು ಆ ಬರದಿಂದ ಬೆಂದುಹೋಯಿತು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೆ ಮೇಲ್ಪಟ್ಟಿದ್ದ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳನ್ನು ಮಿಷನ್ನಿನವರು ಅನಾಥಾಲಯಗಳಲ್ಲಿ ಸೇರಿಸಿಕೊಂಡು ಸಾಕಿದರು. ಅವರಲ್ಲಿ ಅನೇಕರು ಬೆಳೆದು ಕ್ರಿಸ್ತನನ್ನು ಅರಿಕೆಮಾಡಿದರು. ಅಂಥ ಮಗುವು ಯಾಕೆ ಬಂದಿತೆಂದು ಕೇಳಿದರೆ, ಹಸಿದು ಬಂದಿತೆನ್ನದೆ ಬೇರೇನು ಹೇಳೋಣ? ಗಂಜಿಗೆ ಕೈಚಾಚಿದ ಕೂಸಿನಲ್ಲಿ ವೇದಜ್ಞಾನವನ್ನು ಯಾರು ಹುಡುಕುವರು? ಅವರು ಬಂದ ಕಾರಣವು ಹಸಿವಾಗಿತ್ತು. ಆದರೆ ಬರವು ಕಳೆದು, ಕಣಜಗಳು ತಿರಿಗಿ ತುಂಬಿದ ಮೇಲೆಯೂ, ನಿಂದೆಯನ್ನು ಸಹಿಸಿಕೊಂಡು ವಿಶ್ವಾಸದಲ್ಲಿ ನಿಂತವರು ಹಸಿವಿನಿಂದ ನಿಂತವರಲ್ಲ. ದೇವರು ಅವರನ್ನು ಒಂದು ಬಾಗಿಲಿನಿಂದ ಕರೆದು ಇನ್ನೊಂದು ಕೋಣೆಗೆ ನಡಿಸಿದನು.

ಲೂಕನ ಸುವಾರ್ತೆಯ ಹದಿನೈದನೆಯ ಅಧ್ಯಾಯವನ್ನು ಈ ದೃಷ್ಟಿಯಿಂದ ಓದಿ ನೋಡಿರಿ. ಆಸ್ತಿಯನ್ನು ಹಾಳುಮಾಡಿದ ಕಿರಿಯ ಮಗನು ಯಾಕೆ ಹಿಂದಿರುಗಿದನು? ತಂದೆಯ ಮನೆಯ ಕೂಲಿಯಾಳುಗಳಿಗೂ ಹೊಟ್ಟೆತುಂಬ ಆಹಾರವುಂಟು, ತಾನಾದರೋ ಇಲ್ಲಿ ಹಸಿವೆಯಿಂದ ಸಾಯುತ್ತಿದ್ದೇನೆಂದು ಅವನು ಯೋಚಿಸಿದನಲ್ಲವೇ? ಅವನ ಪಶ್ಚಾತ್ತಾಪವು ಹೊಟ್ಟೆಯಲ್ಲಿ ಹುಟ್ಟಿ ಆಮೇಲೆ ಹೃದಯಕ್ಕೆ ಏರಿತು. ತಂದೆಯು ಅದನ್ನು ಅರಿಯದವನಲ್ಲ. ಆದರೂ ಅವನು ದೂರದಲ್ಲಿರುವಾಗಲೇ ಓಡಿಹೋಗಿ ಅಪ್ಪಿಕೊಂಡನು. ಅನ್ನಕ್ಕೆ ಬಂದಿಯೋ ನನಗಾಗಿ ಬಂದಿಯೋ ಎಂದು ವಿಚಾರಣೆ ನಡಿಸಲಿಲ್ಲ. ಆ ವಿಚಾರಣೆಗೆ ಕುಳಿತವನು ಹಿರಿಯ ಮಗನೊಬ್ಬನೇ. ಅವನು ಹೊಲದಲ್ಲಿ ದುಡಿದವನು, ಅಪ್ಪಣೆ ಮೀರದವನು, ಮನೆಯನ್ನು ಬಿಟ್ಟುಹೋಗದವನು. ಆದರೂ ಕಥೆಯ ಕೊನೆಯಲ್ಲಿ ಹೊರಗೆ ನಿಂತಿರುವವನು ಅವನೇ. ಬಹುಕಾಲದಿಂದ ಸಭೆಯಲ್ಲಿರುವ ನಾವು ಇದನ್ನು ಕೇಳಿ ನಡುಗತಕ್ಕದ್ದು.

ನಮ್ಮ ಕರ್ತನು ಐದು ರೊಟ್ಟಿಗಳಿಂದ ಜನರಿಗೆ ಉಣಬಡಿಸಿದ ಮರುದಿನ ಅವರು ಆತನನ್ನು ಹುಡುಕಿಕೊಂಡು ಬಂದರು. ಹೊಟ್ಟೆ ತುಂಬಿದ್ದರಿಂದಲೇ ಬಂದಿರೆಂದು ಆತನು ಅವರ ಮುಖದೆದುರಿಗೆ ಹೇಳಿದನು. ಆದರೆ ಅಷ್ಟು ಹೇಳಿ ಅವರನ್ನು ಅಟ್ಟಿಬಿಡಲಿಲ್ಲ. ಅದೇ ಜನರಿಗೆ ಜೀವದ ರೊಟ್ಟಿಯ ವಿಷಯವನ್ನು ಬೋಧಿಸಿದನು. ಹೃದಯವನ್ನು ಬಲ್ಲ ಆತನೇ ಹೀಗೆ ನಡಿಸಿದ ಮೇಲೆ, ಮುಖವನ್ನು ಮಾತ್ರ ನೋಡಬಲ್ಲ ನಾವು ಹೇಗೆ ನಡಿಸಬೇಕು?

ಕೃಪೆಯೆಂದರೆ ಏನೆಂಬದನ್ನು ನಮ್ಮ ಸೀಮೆಯ ಬೇಸಾಯಗಾರನು ತನ್ನ ಗದ್ದೆಯ ಬದುವಿನ ಮೇಲೆ ನಿಂತೇ ಕಲಿಯಬಹುದು. ಒಂದು ಕಾಲದಲ್ಲಿ ಈ ತಾಲ್ಲೂಕುಗಳ ಬಹುಭಾಗವು ಮಳೆಯನ್ನೇ ನಂಬಿ ರಾಗಿಯನ್ನೂ ಹುರುಳಿಯನ್ನೂ ಬೆಳೆಯುತ್ತಿದ್ದ ಬೆದ್ದಲು. 1911ರಲ್ಲಿ ಕನ್ನಂಬಾಡಿಯಲ್ಲಿ ಕಾವೇರಿಗೆ ಕಟ್ಟೆ ಕಟ್ಟುವ ಕೆಲಸವು ಆರಂಭವಾಯಿತು. ಆಮೇಲೆ ಹುಲಿಕೆರೆಯ ಬಳಿ ಗುಡ್ಡದೊಳಗೆ ಸುರಂಗವನ್ನು ಕೊರೆದು ನಾಲೆಯನ್ನು ತಂದರು. ಮೊದಲು ಇರ್ವಿನ್ ನಾಲೆಯೆನಿಸಿಕೊಂಡ ಅದು ಈಗ ವಿಶ್ವೇಶ್ವರಯ್ಯ ನಾಲೆಯಾಗಿದೆ. ಒಣಗಿದ ಹೊಲವು ಗದ್ದೆಯಾಯಿತು; ಕಬ್ಬು ಬಂತು; 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆಯೂ ಹುಟ್ಟಿತು. ಆ ನೀರು ಕೊಡಗಿನ ಬೆಟ್ಟಗಳಲ್ಲಿ ಸುರಿದ ಮಳೆಯದು. ನಮ್ಮ ಯಾವ ಹೊಲವು ತನ್ನ ಒಳ್ಳೇತನದಿಂದ ಅದನ್ನು ಸಂಪಾದಿಸಿಕೊಂಡಿತು?

ನಾಲೆಯ ಮೇಲ್ಭಾಗದ ಗದ್ದೆಗೆ ನೀರು ಮೊದಲು ಸಿಕ್ಕುವದು. ಕೊನೆಯ ಭಾಗದ ಗದ್ದೆಗೆ ತಡವಾಗಿ ಸಿಕ್ಕುವದು, ಒಮ್ಮೊಮ್ಮೆ ಸಿಕ್ಕದೆಯೂ ಹೋಗುವದು. ಮೇಲಿನವನ ಪೈರು ಹಸುರಾಗಿ ಕೆಳಗಿನವನ ಪೈರು ಬಾಡಿದ್ದರೆ, ಮೇಲಿನವನು ಮೀಸೆ ತಿರುವಿ, ನನ್ನ ಭೂಮಿಯೇ ಉತ್ತಮವೆಂದು ನಗಬಹುದೋ? ನಕ್ಕರೆ ಕೇಳಿದವರು ಅವನನ್ನೇ ನಗುವರು. ಸಭೆಯಲ್ಲಿ ಹುಟ್ಟಿ, ಅಕ್ಷರ ಕಲಿತು, ಕೀರ್ತನೆಗಳನ್ನು ಬಾಯಿಪಾಠ ಮಾಡಿಕೊಂಡ ನಾವು ನಾಲೆಯ ಮೇಲ್ಭಾಗದ ಗದ್ದೆಯವರು. ನಮಗೆ ನೀರು ಮೊದಲು ಬಂತು, ಅಷ್ಟೇ. ನಮ್ಮಲ್ಲಿರುವದೆಲ್ಲವೂ ಹೊಂದಿದ್ದೇ ಆಗಿರುವಾಗ ಹಿಗ್ಗಿಕೊಳ್ಳಲು ಏನಿದೆಯೆಂದು ಪೌಲನು ಕೊರಿಂಥದವರನ್ನು ಕೇಳಿದ ಪ್ರಶ್ನೆಯು ನಮಗೂ ಸೇರಿದ್ದೇ. ಇದನ್ನು ತಿಳುಕೊಳ್ಳುವದೇ ದೀನತೆ. ನಮ್ಮನ್ನು ನಾವೇ ಹಳಿದುಕೊಳ್ಳುವದರಿಂದ ದೀನತೆಯು ಬರುವದಿಲ್ಲ. ನೀರು ಎಲ್ಲಿಂದ ಬಂತೆಂದು ಮರೆಯದಿರುವದರಿಂದ ಬರುವದು. ಬಂದವನನ್ನು ಶಂಕೆಯಿಂದ ತಡೆಯುವವನಾದರೋ ಕೆಳಗಿನವರಿಗೆ ಹೋಗುವ ನೀರಿಗೆ ಮಣ್ಣು ಹಾಕಿ ಕಟ್ಟಿದವನಂತಿದ್ದಾನೆ.

“ಹಾಗಾದರೆ ಸಭೆಯಲ್ಲಿ ಯಾವ ತಪ್ಪನ್ನೂ ತಪ್ಪೆನ್ನಬಾರದೋ?” ಎಂದು ಕೆಲವರು ಕೇಳುವರು. ಅದು ತಕ್ಕ ಪ್ರಶ್ನೆಯೇ. ಕುಡಿದು ಬಂದು ಹೆಂಡತಿಯನ್ನು ಹೊಡೆಯುವವನನ್ನು ಸಭಾಹಿರಿಯರು ತಡೆಯಲೇಬೇಕು. ಕಾಣಿಕೆಯ ಹಣವು ಯಾರ ಕೈಯಲ್ಲಿದೆಯೋ ಅವನು ಉಪದೇಶಿಯಾಗಿದ್ದರೂ ಲೆಕ್ಕ ಕೇಳಬೇಕು. ವಿಧವೆಯ ಹೊಲದ ಬದುವನ್ನು ಒತ್ತಿಕೊಂಡವನು ಬಿಡುವ ವರೆಗೂ ಅವನೊಂದಿಗೆ ಮಾತಾಡಬೇಕು. ಇವುಗಳನ್ನು ಮುಚ್ಚಿ ಕೃಪೆಯೆಂದು ಹೆಸರಿಡುವದು ಬಡವರಿಗೆ ಮಾಡುವ ದ್ರೋಹ. ಕಣ್ಣಿನ ರವೆಯನ್ನು ಬಿಟ್ಟುಬಿಡಿರೆಂದು ಕರ್ತನು ಹೇಳಲಿಲ್ಲ. ಮೊದಲು ತನ್ನ ತೊಲೆಯನ್ನು ತೆಗೆದವನು ಸಹೋದರನ ರವೆಯನ್ನು ಚೆನ್ನಾಗಿ ತೆಗೆಯಬಲ್ಲನೆಂದು ಹೇಳಿದನು.

ಕ್ರಿಯೆಗೆ ಸಾಕ್ಷಿಗಳುಂಟು, ಅದನ್ನು ವಿಚಾರಿಸಬಹುದು. ಅಂತರಂಗಕ್ಕೆ ದೇವರೊಬ್ಬನೇ ಸಾಕ್ಷಿ. ಅದರ ತೀರ್ಪು ಆತನದು. ಪೈರು ಎಳೆಯದಾಗಿರುವಾಗ ಭತ್ತ ಯಾವದು, ಭತ್ತವನ್ನು ಹೋಲುವ ಕಳೆ ಯಾವದು ಎಂದು ಗುರುತಿಸುವದು ಪಳಗಿದ ಬೇಸಾಯಗಾರನಿಗೂ ಕಷ್ಟ. ತೆನೆ ಬಂದಾಗಲೇ ಸ್ಪಷ್ಟವಾಗುವದು. ಹಣಜಿಯ ಸಾಮ್ಯದಲ್ಲಿ ಯಜಮಾನನು ಆಳುಗಳ ಕೈಯನ್ನು ತಡೆದದ್ದು ಇದಕ್ಕಾಗಿಯೇ.

ಆದಕಾರಣ ಪ್ರಿಯರೇ, ಎರಡು ಕಡೆಯೂ ಎಚ್ಚರವಾಗಿರೋಣ. ಹಣದ ಆಶೆ ತೋರಿಸಿ ಯಾರನ್ನೂ ಕರೆಯಬಾರದು. ಅದು ಸುವಾರ್ತೆಯನ್ನು ಮಾರುವದಾಗಿದೆ. ಹಸಿದು ತಾನಾಗಿ ಬಂದವನನ್ನು ತಳ್ಳಲೂಬಾರದು. ಅದು ತಂದೆಯ ಮನೆಯ ಬಾಗಿಲನ್ನು ಮುಚ್ಚುವದಾಗಿದೆ. ಬರುವ ಭಾನುವಾರ ಹೊಸಬನು ಹಿಂದೆ ಕುಳಿತಿದ್ದರೆ ನಮ್ಮಲ್ಲೊಬ್ಬರು ಎದ್ದುಹೋಗಿ ಅವನ ಪಕ್ಕದಲ್ಲಿ ಕುಳಿತು, ಕೀರ್ತನೆಯ ಪುಸ್ತಕವನ್ನು ಅವನಿಗೂ ಕಾಣುವಂತೆ ಹಿಡಿಯಲಿ. ಆರಾಧನೆಯಾದ ಮೇಲೆ ಅವನ ಹೆಸರನ್ನು ಕೇಳಲಿ, ಮಕ್ಕಳ ಕ್ಷೇಮವನ್ನು ವಿಚಾರಿಸಲಿ. ಹಸಿದಿದ್ದರೆ ಮನೆಗೆ ಕರೆದು ಒಂದು ಮುದ್ದೆಯನ್ನು ಹಂಚಿಕೊಳ್ಳಲಿ. ಅವನು ಯಾಕೆ ಬಂದನೆಂಬದನ್ನು ದೇವರು ತಕ್ಕ ಕಾಲದಲ್ಲಿ ಅವನಿಗೇ ತಿಳಿಸುವನು. ನಾವೆಲ್ಲರೂ ಬರಿಗೈಯಲ್ಲಿ ಬಂದು ತಂದೆಯ ಪಂಕ್ತಿಯಲ್ಲಿ ಉಂಡವರೇ ಎಂಬ ನೆನಪನ್ನು ಆತನು ನಮ್ಮಿಂದ ತೆಗೆಯದಿರಲಿ. ಆಮೆನ್.