ಸೋಮವಾರದ ಹಾಲು

ಕಂಪನಿ ಕುಸಿಯುತ್ತಿದೆ ಎಂಬುದು ಪ್ಯಾಂಟ್ರಿಯ ಅಕ್ಕನಿಗೆ ನಮಗಿಂತ ಎರಡು ತಿಂಗಳು ಮೊದಲೇ ಗೊತ್ತಿತ್ತು. ದಿನಕ್ಕೆ ಹನ್ನೆರಡು ಲೀಟರ್ ಬರುತ್ತಿದ್ದ ನಂದಿನಿ ಹಾಲು ಎಂಟಾಯಿತು, ಆಮೇಲೆ ಐದು. ನಾವು ಡ್ಯಾಶ್‌ಬೋರ್ಡ್ ನೋಡುತ್ತ ಕೂತಿದ್ದೆವು, ಅವರು ಪಾತ್ರೆ ನೋಡುತ್ತಿದ್ದರು.

*

30ಕ್ಕೆ ಬರುತ್ತಿದ್ದ ಸಂಬಳ 7ಕ್ಕೆ ಬಂದರೆ ಬ್ಯಾಂಕಿನ ತೊಂದರೆ. 15ಕ್ಕೆ ಬಂದರೆ ಹೂಡಿಕೆದಾರರ ತೊಂದರೆ. ಬರದೇ ಹೋದ ತಿಂಗಳು ‘ನಾವೆಲ್ಲ ಒಂದೇ ಕುಟುಂಬ’. ನೆಂಟಸ್ತನ ನೆನಪಾಗುವುದು ಸಾಲ ಕೇಳುವಾಗ ತಾನೆ?

*

ಮನೆ ಸಾಲದ ಕಂತಿಗೆ ಟೌನ್‌ಹಾಲ್ ಮೀಟಿಂಗಿನ ಭಾಷಣ ಕೇಳಿಸುವುದಿಲ್ಲ.

*

‘ರನ್‌ವೇ ಇನ್ನೂ ಏಳು ತಿಂಗಳಿದೆ’ ಅಂದರು. ಕೈಯಲ್ಲಿರುವ ದುಡ್ಡನ್ನು ತಿಂಗಳ ನಷ್ಟದಿಂದ ಭಾಗಿಸಿದರೆ ಬರುವುದೇ ರನ್‌ವೇ. ನಮ್ಮಮ್ಮ ಅಕ್ಕಿ ಡಬ್ಬ ಅಲ್ಲಾಡಿಸಿ ‘ಸೋಮವಾರದ ತನಕ ಆಗುತ್ತೆ’ ಅನ್ನುತ್ತಿದ್ದಳು. ಅದೇ ಲೆಕ್ಕ, ಅವಳಿಗೆ ಸ್ಲೈಡ್ ಬೇಕಿರಲಿಲ್ಲ. ಭಾಜಕ ಚಿಕ್ಕದಾದಷ್ಟೂ ಭಾಗಲಬ್ಧ ದೊಡ್ಡದು ಎಂದು ಐದನೇ ಕ್ಲಾಸಿನಲ್ಲೇ ಕಲಿತಿದ್ದೆ. ಭಾಜಕದೊಳಗೆ ನಾನೇ ಇದ್ದೇನೆ ಎಂದು ತಿಳಿಯಲು ನಲವತ್ತು ದಾಟಬೇಕಾಯಿತು.

*

ಷೇರು ಕೊಡುತ್ತೇವೆಂದು ಪತ್ರ ಕೊಟ್ಟಿದ್ದರು. ಎಲೆ ಹಾಕಿದ್ದರು, ನೀರು ಚಿಮುಕಿಸಿ ಒರೆಸಿಯೂ ಆಗಿತ್ತು. ಬಡಿಸುವವರು ಮಾತ್ರ ಬರಲಿಲ್ಲ.

*

ಪಿಎಫ್ ಬಗ್ಗೆ ಒಂದು ಮಾತು. ಮೂಲವೇತನದ ಶೇ. 12 ನಮ್ಮದು, ಅಷ್ಟೇ ಕಂಪನಿಯದು. ಮರುತಿಂಗಳು 15ರೊಳಗೆ ಕಟ್ಟಬೇಕು. ಪೇಸ್ಲಿಪ್‌ನಲ್ಲಿ ಕಡಿತ ಚೆನ್ನಾಗಿಯೇ ಕಾಣುತ್ತಿತ್ತು. ತಂಗಿಯ ಮದುವೆಗೆ ದುಡ್ಡು ತೆಗೆಯೋಣ ಎಂದು ನಮ್ಮ ಟೀಮಿನ ಹುಡುಗ ಪಾಸ್‌ಬುಕ್ ತೆರೆದರೆ ನಾಲ್ಕು ತಿಂಗಳು ಖಾಲಿ. ಊಟದ ಹೊತ್ತಿಗೆ ಇಡೀ ಫ್ಲೋರಿನವರು ಮರೆತುಹೋದ ಪಾಸ್‌ವರ್ಡ್ ಬದಲಿಸುತ್ತಿದ್ದರು. ಯಾರೂ ಮಾತಾಡಲಿಲ್ಲ. ಮೇಜಿನಿಂದ ಮೇಜಿಗೆ ಓಟಿಪಿ ಬರುವ ಟಿಂಗ್ ಟಿಂಗ್ ಸದ್ದು ಮಾತ್ರ. ಆಮೇಲೆ ನಡೆದ ಯಾವ ಟೌನ್‌ಹಾಲ್‌ನಲ್ಲೂ ಅಷ್ಟು ಸತ್ಯ ಕೇಳಿಸಲಿಲ್ಲ.

*

ಜಾಣರು ಮೊದಲೇ ಜಾಗ ಖಾಲಿ ಮಾಡುತ್ತಾರೆ. ಹಾಗಂತ ಉಳಿದವರನ್ನು ದಡ್ಡರೆನ್ನಬೇಡಿ. ಒಬ್ಬರಿಗೆ ತೊಂಬತ್ತು ದಿನದ ನೋಟಿಸು, ಇನ್ನೊಬ್ಬರಿಗೆ ನಾಲ್ಕು ವರ್ಷ ಮೂರು ತಿಂಗಳಾಗಿದೆ, ಗ್ರ್ಯಾಚುಟಿಯ ಐದು ವರ್ಷಕ್ಕೆ ಬೆರಳು ಮಡಚುತ್ತಿದ್ದಾರೆ. ಮತ್ತೊಬ್ಬರಿಗೆ ಅರ್ಧ ಮಾಡಿದ ಕೆಲಸ ಬಿಟ್ಟೇಳುವುದು ಅರ್ಧ ಊಟಕ್ಕೆ ಎದ್ದ ಹಾಗೆ.

*

ಬಗ್ ಹುಡುಕಲು, ಕೋಡಿನ ಯಾವ ಸಾಲು ಯಾರದೆಂದು ತೋರಿಸುವ ಗಿಟ್ ಬ್ಲೇಮ್ ಹೊಡೆದರೆ ಸಾಲು ಸಾಲಿಗೂ ಬಿಟ್ಟುಹೋದವರ ಹೆಸರು. ಒಂದು ಕಡೆ 2019ರ ಟಿಪ್ಪಣಿ: ‘ಸದ್ಯಕ್ಕೆ ಹೀಗಿರಲಿ, ಮುಂದಿನ ವಾರ ಸರಿ ಮಾಡುತ್ತೇನೆ’. ಬರೆದವನು ಈಗ ಟೊರೊಂಟೊದಲ್ಲಿದ್ದಾನೆ. ನಮ್ಮ ಬಿಲ್ಲಿಂಗ್ ಇವತ್ತಿಗೂ ನಿಂತಿರುವುದು ಆ ಸಾಲಿನ ಮೇಲೆ.

*

ಸ್ಲ್ಯಾಕ್‌ಗೆ ದುಡ್ಡು ಕಟ್ಟುವುದು ನಿಲ್ಲಿಸಿದರು. ಪುಕ್ಕಟೆ ಸ್ಲ್ಯಾಕ್‌ನಲ್ಲಿ 90 ದಿನಕ್ಕಿಂತ ಹಳೆಯ ಮಾತು ಕಾಣುವುದಿಲ್ಲ. ‘ಯಾರ ಕೆಲಸವೂ ಹೋಗುವುದಿಲ್ಲ’ ಎಂದಿದ್ದ ಸಂದೇಶ ಹಾಗೇ ಮರೆಯಾಯಿತು. ಖರ್ಚೂ ಉಳಿಯಿತು, ಮರ್ಯಾದೆಯೂ ಉಳಿಯಿತು.

*

ಬಿನ್ನಿ ಮಿಲ್ಲಿನ ಕಾಲದವರಿಗೆ ಧರಣಿ ಕೂರಲು ಒಂದು ಗೇಟಾದರೂ ಇತ್ತು. ನಮಗೆ ಬೆಳಿಗ್ಗೆ ಲಾಗಿನ್ ಆಗುವುದಿಲ್ಲ, ಅಷ್ಟೆ. ಕೆಲಸದ ಷರತ್ತುಗಳನ್ನು ಬರೆದಿಡಬೇಕೆನ್ನುವ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ರಾಜ್ಯ ಸರ್ಕಾರ ಐಟಿ ಕಂಪನಿಗಳಿಗೆ 2014ರಲ್ಲಿ ಐದು ವರ್ಷ ವಿನಾಯಿತಿ ಕೊಟ್ಟಿತು, ಮುಗಿದಾಗ ಮತ್ತೆ ಕೊಟ್ಟಿತು. ಒಳ್ಳೆಯ ದಿನಗಳಲ್ಲಿ ನಾವ್ಯಾರೂ ಅದನ್ನು ಓದಲಿಲ್ಲ. ‘ನಾವೇನು ಕಾರ್ಮಿಕರೇ?’ ಎಂಬ ಠೇಂಕಾರ ನನಗೂ ಇತ್ತು.

*

ಒಂದು ಗುಟ್ಟು: ನಾನು ಚೆನ್ನಾಗಿ ಕೆಲಸ ಮಾಡಿದ್ದು ಆ ಕೊನೆಯ ಆರು ತಿಂಗಳಲ್ಲೇ. ಮೀಟಿಂಗ್ ಕರೆಯುವವರೆಲ್ಲ ಹೋಗಿದ್ದರು. ರಾತ್ರಿ ಎಂಟಕ್ಕೆ ಟೆಸ್ಟ್ ಸರ್ವರುಗಳನ್ನು ಆರಿಸಿ ಬೆಳಿಗ್ಗೆ ಎಬ್ಬಿಸುವ ಸ್ಕ್ರಿಪ್ಟ್ ಬರೆದೆ. ಮಲಗುವ ಮುಂಚೆ ಮನೆಯ ದೀಪಗಳನ್ನೆಲ್ಲ ಆರಿಸಿ ಬರುತ್ತಿದ್ದ ಅಪ್ಪನ ನೆನಪಾಯಿತು. ನಲವತ್ತು ಸೆಕೆಂಡು ತಿನ್ನುತ್ತಿದ್ದ ಕ್ವೆರಿಯೊಂದು ಒಂದು ಇಂಡೆಕ್ಸ್ ಹಾಕಿದ್ದಕ್ಕೆ ಸೆಕೆಂಡಿನೊಳಗೆ ಬಂತು. ಪಕ್ಕದ ಕುರ್ಚಿಗೆ ತಿರುಗಿ ‘ನೋಡೋ ಇಲ್ಲಿ’ ಎಂದೆ. ಕುರ್ಚಿ ಖಾಲಿಯಿತ್ತು. ಇದಕ್ಕೆ ನಿಷ್ಠೆ ಅಂತ ದೊಡ್ಡ ಹೆಸರು ಬೇಡ. ಕೈಗೆ ಅಂಟಿದ ಚಟ.

*

ಹದಿನೆಂಟು ಜನಕ್ಕೆ ಮೇಲ್ ಹೋದ ಶುಕ್ರವಾರ ಸಂಜೆ ಪ್ಯಾಂಟ್ರಿಯ ಅಕ್ಕ ಬಾಗಿಲಲ್ಲಿ ನಿಂತರು. ಅವರ ಏಜೆನ್ಸಿಗೂ ಎರಡು ತಿಂಗಳಿಂದ ದುಡ್ಡು ಹೋಗಿರಲಿಲ್ಲ. ‘ಸಾರ್, ಸೋಮವಾರಕ್ಕೆ ಹಾಲು ಎಷ್ಟು ಹೇಳ್ಲಿ?’ ಅಂದರು. ನಾನು ಎದ್ದು ನಿಂತು ತಲೆ ಎಣಿಸಿದೆ. ನಡುವೆ ಎಲ್ಲೋ ತಪ್ಪಿತು, ಮತ್ತೆ ಮೊದಲಿಂದ ಎಣಿಸಿದೆ. ‘ಎರಡು ಲೀಟರ್ ಹೇಳಕ್ಕ’ ಅಂದೆ.